ಮನೇಲಿ ತಿಗಣೆ ಇಲ್ಲ, ಆದ್ರೂ ಅಪ್ಪಂಗೆ ಮೈಯೆಲ್ಲ ಕಚ್ಚಿದಂಗೆ ಗುಳ್ಳೆ. ಸಿಎಲ್‌ಎಲ್‌ಗೂ ಇದಕ್ಕೂ ಸಂಬಂಧ ಇದ್ಯಾ?

ವಾಚ್‌ಫ್ಯಾಕ್ಟರಿ_ಮಗಳು · ಭಾನುವಾರ ರಾತ್ರಿ 9:40

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ. ನಮ್ಮಪ್ಪಂಗೆ 71, ಜಾಲಹಳ್ಳಿ ಎಚ್‌ಎಂಟಿ ವಾಚ್ ಫ್ಯಾಕ್ಟರಿಲಿ ಇದ್ದವ್ರು. ಮೂರು ವರ್ಷದ ಹಿಂದೆ ಶುಗರ್ ಚೆಕಪ್‌ಗೆ ಅಂತ ರಕ್ತ ಕೊಟ್ರೆ ಬಿಳಿ ರಕ್ತಕಣ 40 ಸಾವಿರದ ಮೇಲೆ ಬಂತು, ಆಮೇಲೆ ಫ್ಲೋ ಸೈಟೋಮೆಟ್ರಿ ಅನ್ನೋ ರಕ್ತಕಣದ ಪರೀಕ್ಷೆ ಎಲ್ಲ ಮಾಡ್ಸಿ ಸಿಎಲ್‌ಎಲ್ ಅಂದ್ರು. ಅದು ನಿಧಾನದ ಲುಕೇಮಿಯಾ, ಅಂದ್ರೆ ರಕ್ತದ ಕ್ಯಾನ್ಸರ್, ಈಗ್ಲೇ ಔಷಧಿ ಬೇಡ, ನೋಡ್ಕೊಂಡು ಕಾಯೋಣ, ವಾಚ್ ಅಂಡ್ ವೇಟ್ ಅಂದ್ರು. ಅವತ್ತಿಂದ ಮನೆಗೆ ಬಂದೋರಿಗೆಲ್ಲ "25 ವರ್ಷ ವಾಚ್ ಮಾಡ್ದೆ, ಈಗ ವಾಚ್ ಅಂಡ್ ವೇಟ್ ಮಾಡ್ತಿದೀನಿ" ಅಂತ ಹೇಳಿ ಅವ್ರೇ ನಗ್ತಾರೆ.

ಈಗ ವಿಷಯಕ್ಕೆ ಬರ್ತೀನಿ. ಮೂರು ತಿಂಗಳಿಂದ ಕೈ, ಕಾಲು, ಸೊಂಟದ ಹತ್ರ ಕೆಂಪು ಕೆಂಪು ಗುಳ್ಳೆ. ಥೇಟ್ ಏನೋ ಕಚ್ಚಿದ ಹಾಗೇ ಇರುತ್ತೆ, ಮಧ್ಯದಲ್ಲಿ ಚುಕ್ಕಿ, ಸುತ್ತ ಊತ, ಕೆಲವು ನೀರು ತುಂಬ್ಕೊಂಡು ನೀರುಗುಳ್ಳೆ ಆಗ್ತಾವೆ. ತುರಿಕೆ ಅಂದ್ರೆ ರಾತ್ರಿ ಎದ್ದು ಕೂತ್ಕೊಂಡು ಬಾಚಣಿಗೇಲಿ ಕೆರ್ಕೊತಾರೆ. ಒಂದು ವಾಸಿಯಾಗೋಷ್ಟ್ರಲ್ಲಿ ಇನ್ನೊಂದು ಕಡೆ ನಾಲ್ಕು.

ನಾವು ತಿಗಣೆ ಅಂದ್ಕೊಂಡ್ವಿ. ಪೆಸ್ಟ್ ಕಂಟ್ರೋಲ್ ಮೂರು ಸಲ ಮಾಡ್ಸಿದ್ವಿ, ಪ್ರತಿ ಸಲವೂ ಎರಡು ದಿನ ಅಣ್ಣನ ಮನೇಲಿ ಠಿಕಾಣಿ. ಅಮ್ಮನ ಮದುವೇಲಿ ಕೊಟ್ಟಿದ್ದ ಬೂರುಗದ ಹತ್ತಿ ಹಾಸಿಗೆ ಕಸದ ಆಟೋಗೆ ಹಾಕಿದ್ವಿ. ಬೀದಿ ಕೊನೇಲಿರೋ ಕ್ಲಿನಿಕ್ಕಿನ ಡಾಕ್ಟ್ರು ಕಜ್ಜಿ ಅಂದ್ರು, ಪರ್ಮೆಥ್ರಿನ್ ಲೋಷನ್ ಕೊಟ್ಟು ಮನೆಯವ್ರೆಲ್ಲ ಕತ್ತಿಂದ ಕಾಲ್ತನಕ ಹಚ್ಕೊಳ್ಳಿ ಅಂದ್ರು, ಹಚ್ಕೊಂಡ್ವಿ, ಎರಡೆರಡು ಸಲ. ಏನೂ ಆಗ್ಲಿಲ್ಲ. ವಿಚಿತ್ರ ಏನಂದ್ರೆ ಅದೇ ಮಂಚದ ಮೇಲೆ ಪಕ್ಕದಲ್ಲಿ ಮಲಗೋ ಅಮ್ಮಂಗೆ ಒಂದೇ ಒಂದು ಗುಳ್ಳೆ ಇಲ್ಲ. ಈಗ ಅಮ್ಮ ಒಳಗೆ, ಅಪ್ಪ ಹಾಲಲ್ಲಿ ದಿವಾನದ ಮೇಲೆ. ಅಪ್ಪ ಬಾಯ್ಬಿಟ್ಟು ಏನೂ ಹೇಳಲ್ಲ, ಆದ್ರೆ ಮೊಮ್ಮಗು ಬಂದ್ರೆ ಎತ್ಕೊಳ್ಳಲ್ಲ, "ಅಂಟ್ಕೊಂಡೀತು" ಅಂತಾರೆ.

ಬ್ಲಡ್ ಡಾಕ್ಟ್ರ ಅಪಾಯಿಂಟ್‌ಮೆಂಟ್ ಇನ್ನೂ ಐದು ವಾರ ಇದೆ. ಇದು ಲುಕೇಮಿಯಾದಿಂದ ಬರ್ತಿರೋದಾ? ಯಾರಾದ್ರೂ ನೋಡಿದೀರಾ?

---

ಗಾಂಧಿಬಜಾರ್_ಗೌಡ · 9:52

ಪಿತ್ತದ ಗಂಧೆ ಇದು. ದೊಡ್ಡಪತ್ರೆ ಎಲೆ ಕಿವುಚಿ ರಸ ಹಚ್ಚಿ, ಮೇಲೆ ಕರಿ ಕಂಬಳಿ ಹೊದ್ದಿಸಿ ಮಲಗ್ಸಿ. ನಮ್ಮಜ್ಜಿ ಇಡೀ ಊರಿಗೆ ಇದೇ ಮಾಡ್ತಿದ್ರು.

---

ಬೆಂಡೆಕಾಯಿ_ಗೊಜ್ಜು · 9:58

ಗೌಡ್ರೇ, ಗಂಧೆ ಒಂದು ಗಂಟೆ ಎರಡು ಗಂಟೇಲಿ ಏಳುತ್ತೆ, ಮಾರನೇ ದಿನದೊಳಗೆ ಆ ಜಾಗದಲ್ಲಿ ಗುರುತೇ ಇರಲ್ಲ. ಇವ್ರು ಹೇಳ್ತಿರೋದು ನೀರು ತುಂಬ್ಕೊಂಡು ವಾರಗಟ್ಲೆ ಇರೋ ಗುಳ್ಳೆ. ಎರಡೂ ಒಂದಲ್ಲ. ಕಂಬಳಿ ಹೊದ್ದಿಸಿದ್ರೆ ಪಾಪ ಆ ಮನುಷ್ಯ ಇನ್ನೂ ಕೆರ್ಕೊಂಡು ಸಾಯ್ತಾರೆ.

---

ಗಾಂಧಿಬಜಾರ್_ಗೌಡ · 10:01

ಸರಿ ಕಂಬಳಿ ಬೇಡ. ದೊಡ್ಡಪತ್ರೆ ಹಚ್ಚೋದ್ರಿಂದ ನಷ್ಟ ಏನು ಹೇಳಿ.

---

ಚರ್ಮದ_ಡಾಕ್ಟ್ರು · 10:20

ಒಡೆದ ಗುಳ್ಳೆ ಮೇಲೆ ಹಸಿ ಎಲೆ ರಸ ಹಚ್ಚಿದ್ರೆ ಇನ್ಫೆಕ್ಷನ್ ಆಗ್ಬಹುದು, ಸಿಎಲ್‌ಎಲ್ ಇರೋರಿಗೆ ಇನ್ಫೆಕ್ಷನ್ ತಡ್ಕೊಳ್ಳೋ ಶಕ್ತಿ ಮೊದ್ಲೇ ಕಮ್ಮಿ. ನಷ್ಟ ಅದು.

ಮಗಳೇ, ಕಣ್ಣಲ್ಲಿ ನೋಡದೆ ನಾನು ಇದೇ ಅಂತ ಹೇಳಲ್ಲ. ಆದ್ರೆ ನೀವು ಬರೆದಿದ್ದು ಓದ್ತಿದ್ದ ಹಾಗೇ ನನ್ನ ತಲೇಗೆ ಬಂದಿದ್ದು ಒಂದು ವಿಷಯ. ಸಿಎಲ್‌ಎಲ್ ಇರೋ ಕೆಲವರಲ್ಲಿ ಕೀಟ ಕಚ್ಚಿದ ಹಾಗೇ ಕಾಣೋ ದದ್ದು ಬರುತ್ತೆ, 1965ರಲ್ಲೇ ಅಮೆರಿಕದಲ್ಲಿ ವೀಡ್ ಅನ್ನೋರು ಸಿಎಲ್‌ಎಲ್ ರೋಗಿಗಳಲ್ಲಿ ಸೊಳ್ಳೆ ಕಡಿತಕ್ಕೆ ವಿಪರೀತ ರಿಯಾಕ್ಷನ್ ಬರ್ತಿರೋದನ್ನ ಬರೆದಿದ್ರು. ಆಮೇಲೆ ಗೊತ್ತಾಗಿದ್ದು ಏನಂದ್ರೆ, ಇವರಲ್ಲಿ ತುಂಬಾ ಜನಕ್ಕೆ ಏನೂ ಕಚ್ಚಿದ ನೆನಪೇ ಇರಲ್ಲ. ಬಟ್ಟೆ ಮುಚ್ಚಿರೋ ಜಾಗದಲ್ಲೂ ಬರುತ್ತೆ, ಸೊಳ್ಳೆ ಇಲ್ಲದ ಕಾಲದಲ್ಲೂ ಬರುತ್ತೆ. ಚರ್ಮದ ತುಂಡು ತೆಗೆದು ನೋಡಿದ್ರೆ (ಅದೇ ಬಯಾಪ್ಸಿ) ಒಳಗೆ ಇಯೊಸಿನೊಫಿಲ್ ಅನ್ನೋ ಕಣಗಳು ತುಂಬ್ಕೊಂಡಿರ್ತಾವೆ, ಅದಕ್ಕೇ ಈಗ ಇಯೊಸಿನೊಫಿಲಿಕ್ ಡರ್ಮಟೋಸಿಸ್ ಅಂತ ಕರೀತಾರೆ.

ಯಾಕೆ ಅಂದ್ರೆ, ಸಿಎಲ್‌ಎಲ್‌ನಲ್ಲಿ ಕೆಡೋದು ಬಿ ಲಿಂಫೋಸೈಟ್ ಅನ್ನೋ ಕಣ. ಅದು ಕೆಟ್ಟಾಗ ಪಕ್ಕದ ಟಿ ಕಣಗಳ ಲೆಕ್ಕಾಚಾರವೂ ತಪ್ಪುತ್ತೆ. ಕಳ್ಳ ಬಂದಾಗ ಮಲಗಿದ್ದು ಹಾಲಿನವನು ಬಂದಾಗ ಬೊಗಳೋ ನಾಯಿ ನೋಡಿದೀರಲ್ಲ, ಇಮ್ಯೂನಿಟಿ ಹಾಗಾಗುತ್ತೆ. ನಿಜವಾದ ನ್ಯುಮೋನಿಯಾ ಬಂದ್ರೆ ಸುಮ್ನಿರುತ್ತೆ, ಏನೂ ಇಲ್ಲದ ಕಡೆ ಗಲಾಟೆ ಮಾಡುತ್ತೆ.

ಎರಡು ಮಾತು ಗಟ್ಟಿಯಾಗಿ ಹೇಳ್ತೀನಿ. ಇದೇ ಆಗಿದ್ರೆ ಇದು ಅಂಟುರೋಗ ಅಲ್ಲ, ಮೊಮ್ಮಗೂನ ಧಾರಾಳವಾಗಿ ಎತ್ಕೋಬಹುದು. ಇನ್ನೊಂದು, ಬಯಾಪ್ಸಿ ಇಲ್ದೆ ಯಾವ ಕ್ರೀಮೂ ಹಚ್ಚೋಕೆ ಹೋಗ್ಬೇಡಿ. ಐದು ವಾರ ಕಾಯ್ಬೇಡಿ, ಬ್ಲಡ್ ಡಾಕ್ಟ್ರಿಗೆ ಫೋನ್ ಮಾಡಿ ಚರ್ಮದವ್ರಿಗೆ ರೆಫರ್ ಮಾಡ್ಸಿ.

---

ಬಸವನಗುಡಿ_ಬಸ್ಸು · 10:26

ಡಾಕ್ಟ್ರೇ ಒಂದು ಡೌಟು. ನೀವು ನಿಜವಾಗ್ಲೂ ಡಾಕ್ಟ್ರಾ? ಇಲ್ಲಿ ಹೋದ ತಿಂಗ್ಳು ಒಬ್ಬ ಹಾರ್ಟ್ ಸರ್ಜನ್ ಅಂತ ಹೇಳ್ಕೊಂಡು ಕೊನೆಗೆ ಬಿಕಾಂ ಸೆಕೆಂಡ್ ಇಯರ್ ಅಂತ ಗೊತ್ತಾಯ್ತು.

---

ಚರ್ಮದ_ಡಾಕ್ಟ್ರು · 10:31

ಡೌಟು ಒಳ್ಳೇದೇ. ನನ್ನ ಮಾತು ನಂಬ್ಬೇಡಿ, ಬಯಾಪ್ಸಿ ರಿಪೋರ್ಟ್ ನಂಬಿ.

---

ಹುಬ್ಬಳ್ಳಿ_ಮಿರ್ಚಿ · 10:44

ಅಕ್ಕಾರ, ನಮ್ಮ ಮನ್ಯಾಗೂ ಇಂಥದ್ದ ಆಗಿತ್ತು ಆದ್ರ ಬ್ಯಾರೆ ಥರ. ನಮ್ಮ ಮನಿಯಾಕಿಗೆ ಎಎಂಎಲ್, ಅದು ಜೋರ್ ಇರೋ ಲುಕೇಮಿಯಾ ಆತಲ್ರಿ, ಕೀಮೋ ಸಲುವಾಗಿ ಬೆಂಗಳೂರಿಗೆ ಬಂದು ವಿಲ್ಸನ್ ಗಾರ್ಡನ್‌ದಾಗ ರೂಮ್ ಹಿಡ್ದು ಏಳು ತಿಂಗಳ ಇದ್ವಿ. ಕೀಮೋ ಮುಗದ ಮ್ಯಾಲೆ ಬಿಳಿ ರಕ್ತಕಣದ ಕೌಂಟ್ ಏರ್ಲಿ ಅಂತ ಜಿಸಿಎಸ್‌ಎಫ್ ಇಂಜೆಕ್ಷನ್ ಕೊಡ್ತಿದ್ರು. ಒಂದಿನ 102 ಜ್ವರ, ಮಾರಿ ಮತ್ತ ಕೈ ಮ್ಯಾಗ ಕೆಂಪು ಗಂಟು ಗಂಟು, ಮುಟ್ಟಿದ್ರ ಚೀರ್ತಿದ್ಲು. ಇದು ತುರಸ್ತಿರಲಿಲ್ಲ, ನೋಯ್ತಿತ್ತು, ಅದನ್ನ ನೆನಪಿಡ್ರಿ. ಡಾಕ್ಟ್ರು ಇನ್ಫೆಕ್ಷನ್ ಅಂತ ತಿಳ್ಕೊಂಡು ಮೂರ್ ಮೂರ್ ಆಂಟಿಬಯಾಟಿಕ್ ಹಚ್ಚಿದ್ರು, ಅದು ತಪ್ಪಲ್ರಿ, ಕೌಂಟ್ ಇಲ್ದಾಗ ಜ್ವರ ಬಂದ್ರ ಹಂಗ ಮಾಡಾಕ ಬೇಕು. ಆದ್ರ ಐದ್ ದಿನ ಆದ್ರೂ ಜ್ವರ ಇಳೀಲಿಲ್ಲ, ಕಲ್ಚರ್‌ದಾಗ ಏನೂ ಬೆಳೀಲಿಲ್ಲ. ಆಮ್ಯಾಲೆ ಚರ್ಮದ್ದು ತುಂಡ ತಗದ್ರು, ಸ್ವೀಟ್ ಸಿಂಡ್ರೋಮ್ ಅಂದ್ರು. ಸ್ಟೀರಾಯ್ಡ್ ಕೊಟ್ಟ ಎರಡ್ ದಿನಕ್ಕ ಜ್ವರ ಬಿಡ್ತು, ವಾರದಾಗ ಗಂಟು ಕರಗಿದ್ವು. ಮಂತ್ರ ಹಾಕಿದಂಗ.

---

ಬೆಂಡೆಕಾಯಿ_ಗೊಜ್ಜು · 10:47

ಸ್ವೀಟ್ ಸಿಂಡ್ರೋಮಾ? ಸಿಹಿ ತಿಂದ್ರೆ ಬರುತ್ತಾ?

---

ಹುಬ್ಬಳ್ಳಿ_ಮಿರ್ಚಿ · 10:53

ಹಹಹ ನಮ್ಮ ಅತ್ತಿನೂ ಇದನ್ನ ಕೇಳಿದ್ರು. ಆ ಹೆಸರ್ ಕೇಳಿ ಊರಿಂದ ತಂದಿದ್ದ ಧಾರವಾಡ ಪೇಡೆ ಎಲ್ಲಾ ಒಯ್ದು ನರ್ಸ್‌ಗೆ ಕೊಟ್ಟಬಿಟ್ರು, ನನ್ನ ಹೇಣ್ತಿಗೆ ಒಂದೂ ಉಳೀಲಿಲ್ಲ. ಅದು ಡಾಕ್ಟ್ರ ಹೆಸರ್ರಿ. ರಾಬರ್ಟ್ ಸ್ವೀಟ್ ಅಂತ ಇಂಗ್ಲೆಂಡಿನ ಪ್ಲಿಮತ್‌ದವ್ರು, 1964ರಾಗ ಮೊದಲ ಬರದ್ರಂತ. ಸಕ್ರಿಗೂ ಅದಕ್ಕೂ ಏನ್ ಸಂಬಂಧ ಇಲ್ಲ.

---

ಚರ್ಮದ_ಡಾಕ್ಟ್ರು · 11:05

ಮಿರ್ಚಿ ಅವ್ರು ಸರಿಯಾಗಿ ಹೇಳಿದ್ರು. ಸ್ವೀಟ್ ಸಿಂಡ್ರೋಮಲ್ಲಿ ಚರ್ಮಕ್ಕೆ ನುಗ್ಗೋದು ನ್ಯೂಟ್ರೋಫಿಲ್ ಅನ್ನೋ ಬಿಳಿ ರಕ್ತಕಣ. ಲುಕೇಮಿಯಾನೇ ಅದನ್ನ ತರಿಸ್ಬಹುದು, ಜಿಸಿಎಸ್‌ಎಫ್ ಇಂಜೆಕ್ಷನ್ನೂ ತರಿಸ್ಬಹುದು, ಎಪಿಎಲ್ ಅನ್ನೋ ಇನ್ನೊಂದು ಥರ ಲುಕೇಮಿಯಾಗೆ ಕೊಡೋ ಎಟ್ರಾ ಮಾತ್ರೆನೂ ತರಿಸ್ಬಹುದು. ಇನ್ನೊಂದಿದೆ, ಲುಕೇಮಿಯಾ ಕ್ಯೂಟಿಸ್, ಅಂದ್ರೆ ಕ್ಯಾನ್ಸರ್ ಕಣಗಳೇ ಚರ್ಮಕ್ಕೆ ಬಂದು ಗಂಟು ಕಟ್ಟೋದು. ಹೊರಗಿಂದ ನೋಡಿದ್ರೆ ಕೆಲವು ಸಲ ಎರಡೂ ಅಣ್ಣ ತಮ್ಮಂದಿರ ಹಾಗಿರುತ್ತೆ, ಔಷಧಿ ಮಾತ್ರ ಪೂರ್ತಿ ಬೇರೆ. ಅದಕ್ಕೇ ಬಾಯಿಪಾಠದ ಹಾಗೆ ಬಯಾಪ್ಸಿ ಬಯಾಪ್ಸಿ ಅಂತಿರೋದು.

---

ನಾಗಸಂಪಿಗೆ_ನಾಗಮ್ಮ · 11:12

ತಪ್ಪು ತಿಳ್ಕೋಬೇಡಿ ಮಗಳೇ, ಸೊಂಟದ ಹತ್ರ ನೀರುಗುಳ್ಳೆ ಅಂದ್ರಿ, ಸರ್ಪಸುತ್ತು ಇರ್ಬಹುದು. ಒಂದು ಸಲ ಘಾಟಿ ಸುಬ್ರಹ್ಮಣ್ಯಕ್ಕೆ ಹೋಗ್ಬನ್ನಿ, ಕೆಮ್ಮಣ್ಣು ಹಚ್ಚಿ. ತಲೆ ಬಾಲ ಸೇರಿದ್ರೆ ಕಷ್ಟ.

---

ಬಸವನಗುಡಿ_ಬಸ್ಸು · 11:15

ಬಂತು ನೋಡಿ.

---

ಚರ್ಮದ_ಡಾಕ್ಟ್ರು · 11:24

ಬಸ್ಸು ಅವ್ರೇ, ನಗ್ಬೇಡಿ. ನಾಗಮ್ಮನವ್ರು ಸರ್ಪಸುತ್ತು ನೆನೆಸ್ಕೊಂಡಿದ್ದು ಸರಿಯಾಗೇ ಇದೆ, ಲುಕೇಮಿಯಾ ಇರೋರಿಗೆ ಸರ್ಪಸುತ್ತು ಜಾಸ್ತಿ. ಆದ್ರೆ ಅದು ದೇಹದ ಒಂದೇ ಪಕ್ಕದಲ್ಲಿ ಪಟ್ಟಿ ಥರ ಬರುತ್ತೆ, ಉರಿ ನೋವು ಮೊದ್ಲು, ಗುಳ್ಳೆ ಆಮೇಲೆ. ಎರಡೂ ಕೈ ಎರಡೂ ಕಾಲು ಮೂರು ತಿಂಗ್ಳು ಅಂದ್ರೆ ಸಾಮಾನ್ಯವಾಗಿ ಅದಲ್ಲ. ಅಮ್ಮಾ, ಸರ್ಪಸುತ್ತು ಅಂದ್ರೆ ಚಿಕ್ಕವ್ರಿದ್ದಾಗ ಬಂದ ಸೀತಾಳೆ ಸಿಡುಬಿನ ವೈರಸ್ಸೇ ನರದಲ್ಲಿ ಅಡಗಿ ಕೂತಿದ್ದು ಮತ್ತೆ ಏಳೋದು, ನರ ಹೋದ ದಾರೀಲೇ ಗುಳ್ಳೆ. ತಲೆ ಬಾಲ ಏನೂ ಸೇರಲ್ಲ. ಘಾಟಿಗೆ ಹೋಗ್ಬನ್ನಿ, ಬೇಡ ಅನ್ನಲ್ಲ, ಆದ್ರೆ ಗುಳ್ಳೆ ಕಂಡ 72 ಗಂಟೆಯೊಳಗೆ ವೈರಸ್ಸಿನ ಮಾತ್ರೆ ಶುರು ಮಾಡಿ ಹೋಗಿ.

---

ನಾಗಸಂಪಿಗೆ_ನಾಗಮ್ಮ · 11:30

ಆಯ್ತಪ್ಪ. ಮೊದ್ಲು ಮಾತ್ರೆ, ಆಮೇಲೆ ಘಾಟಿ. ವೈರಸ್ಸಿಗೆ ಲಸಿಕೆ ಇದೆ ಅಂತ ನಮ್ಮ ಸೊಸೆ ಹೇಳ್ತಿದ್ಲು?

---

ಚರ್ಮದ_ಡಾಕ್ಟ್ರು · 11:34

ಇದೆ ಅಮ್ಮ. ಶಿಂಗ್ರಿಕ್ಸ್ ಅಂತ, ಎರಡು ಡೋಸು, ಜೀವಂತ ವೈರಸ್ ಅಲ್ಲ, ಹಾಗಾಗಿ ಲುಕೇಮಿಯಾ ಇರೋರಿಗೂ ಕೊಡ್ಬಹುದು, ಯಾವಾಗ ಅಂತ ಬ್ಲಡ್ ಡಾಕ್ಟ್ರು ಹೇಳ್ಬೇಕು. ಜೀವಂತ ಲಸಿಕೆಗಳು ಇವರಿಗೆ ಬೇಡ.

---

ಇಂದಿರಾನಗರ_ಇಮಾಟಿನಿಬ್ · ಸೋಮವಾರ ಬೆಳಗ್ಗೆ 7:15

ನಂದು ಸಿಎಂಎಲ್, ಅದೂ ಇನ್ನೊಂದು ಥರ ಲುಕೇಮಿಯಾ, ಹನ್ನೊಂದು ವರ್ಷ ಆಯ್ತು. ನನ್ನ ಹೆಸರಲ್ಲೇ ಔಷಧಿ ಇದೆ, ದಿನಾ 400 ಮಿಲಿಗ್ರಾಂ. ಶುರುವಾದ ಮೂರನೇ ವಾರಕ್ಕೆ ಎದೆ ಬೆನ್ನು ಪೂರ್ತಿ ದಡಾರದ ಥರ ದದ್ದು, ಕಣ್ಣಿನ ಸುತ್ತ ಊತ, ಬೆಳಗ್ಗೆ ಕನ್ನಡಿ ನೋಡಿದ್ರೆ ರಾತ್ರಿಯೆಲ್ಲ ಅತ್ತವನ ಥರ. ನಾನು ಹೆದರಿ ನಾಲ್ಕು ದಿನ ಮಾತ್ರೆ ಬಿಟ್ಟೆ, ಯಾರಿಗೂ ಹೇಳ್ದೆ. ಡಾಕ್ಟ್ರಿಗೆ ಗೊತ್ತಾಗಿ ಉಗಿದ್ರು ನೋಡಿ, ಜನ್ಮದಲ್ಲಿ ಮರೆಯಲ್ಲ. ಅವ್ರು ಲೆಕ್ಕ ಹಾಕಿ ಸ್ವಲ್ಪ ದಿನ ನಿಲ್ಸಿ, ಮತ್ತೆ ಕಮ್ಮಿ ಡೋಸಿಂದ ಏರ್ಸಿದ್ರು, ದದ್ದು ಮತ್ತೆ ಬರ್ಲಿಲ್ಲ. ನಾನಾಗೇ ಬಿಡೋದು ಬೇರೆ, ಅವ್ರು ನಿಲ್ಸೋದು ಬೇರೆ.

ಇನ್ನೊಂದು ತಮಾಷೆ ಕೇಳಿ. ಒಂದು ವರ್ಷದ ಮೇಲೆ ನನ್ನ ಬಣ್ಣ ಬೆಳ್ಳಗಾಗ್ತಾ ಬಂತು. ಚರ್ಮಕ್ಕೆ ಬಣ್ಣ ಕೊಡೋ ಕಣಗಳಿಗೆ ಬೇಕಾದ ಕಿಟ್ ಅನ್ನೋ ಪ್ರೋಟೀನನ್ನೂ ಈ ಔಷಧಿ ತಡೆಯುತ್ತೆ, ಅದಕ್ಕೆ. ಮದುವೆ ಮನೇಲಿ ನಮ್ಮ ಚಿಕ್ಕಮ್ಮ ಪಕ್ಕಕ್ಕೆ ಕರ್ದು "ಯಾವ ಕ್ರೀಮೋ, ನಮ್ಮ ಹುಡ್ಗೀಗೂ ಹೇಳೋ" ಅಂದ್ರು. ಕ್ಯಾನ್ಸರ್ ಮಾತ್ರೆ ಚಿಕ್ಕಮ್ಮ ಅಂದೆ. ಮುಖ ಹುಳ್ಳಗೆ ಮಾಡ್ಕೊಂಡು ಹೋಳಿಗೆ ಬಡಿಸೋಕೆ ಹೋದ್ರು.

---

ದುಡ್ಡಿನ_ದೊರೆ · 7:40

ಇಮಾಟಿನಿಬ್ ಸಾರ್ ತಿಂಗ್ಳಿಗೆ ಎಷ್ಟಾಗುತ್ತೆ? ಲಕ್ಷ ಅಂತ ಕೇಳಿದ್ದೆ.

---

ಇಂದಿರಾನಗರ_ಇಮಾಟಿನಿಬ್ · 7:58

ಅದು ಕಂಪನಿ ಬ್ರ್ಯಾಂಡಿನ ಹಳೇ ರೇಟು. 2013ರ ಏಪ್ರಿಲ್ 1ಕ್ಕೆ ಸುಪ್ರೀಂ ಕೋರ್ಟು ನೊವಾರ್ಟಿಸ್‌ಗೆ ಪೇಟೆಂಟ್ ಇಲ್ಲ ಅಂತ ತೀರ್ಪು ಕೊಡ್ತಲ್ಲ, ಅದು ಇದೇ ಔಷಧಿ. ನಮ್ಮಲ್ಲಿ ಜನರಿಕ್ ಸಿಗುತ್ತೆ, ಅದರ ಒಂದು ಚೂರು ರೇಟಿಗೆ. ನನ್ನಂಥೋರು ಬದುಕಿರೋದು ಅದರಿಂದ. ಏಪ್ರಿಲ್ ಫೂಲ್ ದಿನ ಬಂದ ಒಂದೇ ನಿಜವಾದ ಸುದ್ದಿ.

---

ರಕ್ತಶುದ್ಧಿ_ರಾಮಣ್ಣ · 8:30

ಇಂಗ್ಲಿಷ್ ಔಷಧಿ ಉಷ್ಣ, ಅದರಿಂದಾನೇ ಇದೆಲ್ಲ. ರಕ್ತ ಕೆಟ್ಟಿದೆ ಅಂದ್ರೆ ರಕ್ತಶುದ್ಧಿ ಆಗ್ಬೇಕು. ನಮ್ಮಲ್ಲಿ 48 ದಿನದ ಕಷಾಯ ಇದೆ, ಮೆಸೇಜ್ ಮಾಡಿ.

---

ಬೆಂಡೆಕಾಯಿ_ಗೊಜ್ಜು · 8:33

ರಾಮಣ್ಣೋರೇ ಅವ್ರಪ್ಪ ಒಂದೂ ಇಂಗ್ಲಿಷ್ ಔಷಧಿ ತಗೋತಿಲ್ಲ. ವಾಚ್ ಅಂಡ್ ವೇಟ್ ಅಂತ ಮೊದಲ್ನೇ ಪ್ಯಾರಾದಲ್ಲೇ ಇದೆ. ಓದಿ ಆಮೇಲೆ ಕಷಾಯ ಮಾರಿ.

---

ರಕ್ತಶುದ್ಧಿ_ರಾಮಣ್ಣ · 8:41

ಲೋಷನ್ ಹಚ್ಚಿದಾರಲ್ಲ ಅದು ಇಂಗ್ಲಿಷ್ ಅಲ್ವಾ

---

ಇಂದಿರಾನಗರ_ಇಮಾಟಿನಿಬ್ · 8:50

ರಾಮಣ್ಣ, ನನ್ನ ಜೊತೆ ಅದೇ ಓಪಿಡಿಗೆ ಬರ್ತಿದ್ದ ಒಬ್ಬ ಹುಡುಗ ಇಂಥ ಕಷಾಯ ಕುಡ್ದು ಲಿವರ್ ಕೆಟ್ಟು ಅಡ್ಮಿಟ್ ಆದ. ಒಳಗೆ ಏನಿತ್ತು ಅಂತ ಕೊಟ್ಟೋನಿಗೂ ಗೊತ್ತಿರ್ಲಿಲ್ಲ. ಬಾಟ್ಲಿ ಮೇಲೆ ಬರೀ ನವಿಲು ಚಿತ್ರ.

---

ನಿರ್ವಾಹಕ · 9:00

ಔಷಧಿ ಮಾರಾಟಕ್ಕೆ ಇಲ್ಲಿ ಜಾಗ ಇಲ್ಲ. ರಾಮಣ್ಣ ಅವರಿಗೆ ಇದು ಎರಡನೇ ಎಚ್ಚರಿಕೆ.

---

ಅಕ್ಕನ_ಮಜ್ಜೆ · 11:10

ಎಲ್ಲ ಓದಿದೆ. ನಂದೂ ಹೇಳ್ಬಿಡ್ತೀನಿ. ನಂಗೆ 34, ಎಎಲ್‌ಎಲ್ ಅನ್ನೋ ಲುಕೇಮಿಯಾಗೆ ಅಕ್ಕನ ಕಾಂಡಕೋಶ ಹಾಕಿ ಟ್ರಾನ್ಸ್‌ಪ್ಲಾಂಟ್ ಆಯ್ತು. ಒಡಹುಟ್ಟಿದೋರು ಪೂರ್ತಿ ಮ್ಯಾಚ್ ಆಗೋ ಚಾನ್ಸು ನಾಲ್ಕರಲ್ಲಿ ಒಂದು, ನಂಗಿರೋದು ಒಬ್ಳೇ ಅಕ್ಕ, ಆದ್ಲು. 24ನೇ ದಿನ ಅಂಗೈ ಅಂಗಾಲು ಉರಿಯೋಕೆ ಶುರುವಾಯ್ತು, ಕಿವಿ ಕೆಂಪಗಾಯ್ತು, ಎರಡು ದಿನದಲ್ಲಿ ಎದೆವರೆಗೆ. ನರ್ಸ್ ಒಬ್ರು ಬಂದು ಮೈ ಪೂರ್ತಿ ನೋಡಿ ಇಷ್ಟು ಪರ್ಸೆಂಟ್ ಅಂತ ಚಾರ್ಟಲ್ಲಿ ಬರ್ಕೊಂಡು ಹೋಗೋರು, ಯಾಕಂದ್ರೆ ಮೈಯ ಎಷ್ಟು ಭಾಗಕ್ಕೆ ಹರಡಿದೆ ಅನ್ನೋದರ ಮೇಲೆ ಅದಕ್ಕೆ ಸ್ಟೇಜು. ಅದು ಜಿವಿಎಚ್‌ಡಿ. ಹಾಕಿದ ಕಣಗಳು ಇದು ಯಾರ ಮನೆ ಅಂತ ನನ್ನ ಮೇಲೇ ತಿರುಗಿ ಬೀಳೋದು. ಚರ್ಮ, ಹೊಟ್ಟೆ, ಲಿವರ್ ಮೂರಕ್ಕೆ ಮೊದ್ಲು ಬರುತ್ತೆ. ಅಕ್ಕಂಗೆ ಹೇಳ್ದೆ, "ಚಿಕ್ಕವಳಿದ್ದಾಗ ಜಡೆ ಎಳೆದಿದ್ದಕ್ಕೆ ಈಗ ತೀರಿಸ್ಕೋತಿದೀಯ" ಅಂತ. ಅವಳು ಅಳೋಕೆ ಶುರು ಮಾಡಿದ್ಲು, ತಮಾಷೆ ಜಾಸ್ತಿ ಆಯ್ತು ಅನ್ಸುತ್ತೆ.

ಸ್ಟೀರಾಯ್ಡ್ ಕೊಟ್ರು, ಸ್ವಲ್ಪ ಬಗ್ತು, ಪೂರ್ತಿ ಬಗ್ಲಿಲ್ಲ, ಆಮೇಲೆ ರುಕ್ಸೊಲಿಟಿನಿಬ್ ಅನ್ನೋ ಮಾತ್ರೆ ಸೇರ್ಸಿದ್ರು. ಈಗ ಎರಡು ವರ್ಷ. ಮೊಣಕೈ ಹತ್ರ ಚರ್ಮ ಇನ್ನೂ ಬಿಗಿ, ಬಿಸಿಲಿಗೆ ಹೋಗಲ್ಲ, ಹೋದ್ರೆ ಉದ್ದ ತೋಳು ಛತ್ರಿ ಎರಡೂ. ಬಸ್ಸಲ್ಲಿ ಪಕ್ಕ ಕೂತೋರು ಎದ್ದು ಹೋಗ್ತಾರೆ ಒಂದೊಂದ್ಸಲ. ನಿಮ್ಮಪ್ಪ ಮಗು ಎತ್ಕೊಳ್ಳಲ್ಲ ಅಂದ್ರಲ್ಲ, ನಂಗೆ ಅದೇ ಮನಸ್ಸಲ್ಲಿ ಕೂತುಬಿಡ್ತು. ದಯವಿಟ್ಟು ಇವತ್ತೇ ಹೇಳಿ ಅವ್ರಿಗೆ, ರಿಪೋರ್ಟ್ ಬರೋವರೆಗೆ ಕಾಯ್ಬೇಡಿ.

---

ವಾಚ್‌ಫ್ಯಾಕ್ಟರಿ_ಮಗಳು · 1:20

ಹೇಳಿದೆ ಅಕ್ಕ. "ಡಾಕ್ಟ್ರು ಹೇಳ್ಲಿ" ಅಂದ್ರು. ಫೋನ್ ಮಾಡ್ದೆ, ಗುರುವಾರಕ್ಕೆ ಚರ್ಮದ ಡಾಕ್ಟ್ರ ಹತ್ರ ಸಿಕ್ಕಿದೆ. ಅಲ್ಲೀವರ್ಗೂ ಮನೇಲಿರೋ ಒಂದು ಕ್ರೀಮ್ ಹಚ್ಬಹುದಾ? ಮೆಡಿಕಲ್ ಶಾಪಲ್ಲಿ ಕೊಟ್ಟಿದ್ದು, ಫಂಗಸ್ಸು ಅಲರ್ಜಿ ಎಲ್ಲಕ್ಕೂ ಒಂದೇ ಅಂದ್ರು.

---

ಚರ್ಮದ_ಡಾಕ್ಟ್ರು · 1:45

ಬೇಡ. ಎಲ್ಲಕ್ಕೂ ಒಂದೇ ಅನ್ನೋ ಟ್ಯೂಬಲ್ಲಿ ಜೋರು ಸ್ಟೀರಾಯ್ಡ್, ಫಂಗಸ್ ಔಷಧಿ, ಆಂಟಿಬಯಾಟಿಕ್ ಮೂರೂ ಕಲಸಿರ್ತಾರೆ. ಈ ಊರಲ್ಲಿ ನನ್ನ ಅರ್ಧ ಓಪಿಡಿ ಆ ಟ್ಯೂಬಿನ ಪುಣ್ಯ. ಹುಳುಕಡ್ಡಿ ಇದ್ರೆ ರೂಪ ಬದಲಾಯಿಸ್ಕೊಂಡು ತೊಡೆಯೆಲ್ಲ ಹರಡುತ್ತೆ. ಬಯಾಪ್ಸಿ ಮಾಡೋ ಜಾಗಕ್ಕೆ ಮೊದ್ಲೇ ಸ್ಟೀರಾಯ್ಡ್ ಹಚ್ಚಿದ್ರೆ ಒಳಗಿನ ಚಿತ್ರವೂ ಮಸುಕಾಗ್ಬಹುದು. ತೆಂಗಿನೆಣ್ಣೆನೋ ವ್ಯಾಸಲೀನೋ ಹಚ್ಚಿ, ಉಗುರು ಕತ್ತರಿಸಿ, ಬಾಚಣಿಗೆ ಬಚ್ಚಿಡಿ.

ಗುರುವಾರಕ್ಕೆ ಹೋಗುವಾಗ ಇತ್ತೀಚಿನ ಸಿಬಿಸಿ, ಅಂದ್ರೆ ರಕ್ತಕಣ ಎಣಿಸಿದ ರಿಪೋರ್ಟ್ ಒಯ್ಯಿರಿ, ಪ್ಲೇಟ್‌ಲೆಟ್ ನೋಡ್ದೆ ತುಂಡು ತೆಗೆಯಲ್ಲ. ಮಧ್ಯೆ ಜ್ವರ 100.4 ದಾಟಿದ್ರೆ, ಬಾಯೊಳಗೆ ಹುಣ್ಣಾದ್ರೆ, ಚರ್ಮ ಸುಲಿಯೋಕೆ ಶುರುವಾದ್ರೆ, ಇಲ್ಲಾ ಗಾಜಿನ ಲೋಟ ಒತ್ತಿ ಹಿಡಿದ್ರೂ ಮಾಯವಾಗದ ಕೆಂಪು ಚುಕ್ಕಿಗಳು ಬಂದ್ರೆ ಗುರುವಾರ ಅಂತ ಕೂರ್ಬೇಡಿ, ಅವತ್ತೇ ಕ್ಯಾಶುವಾಲಿಟಿ.

---

ಮಂಗ್ಳೂರು_ಬನ್ಸ್ · 2:02

ಗಾಜಿನ ಲೋಟ ಎಂತಕ್ಕೆ ಮಾರಾಯ್ರೆ?

---

ಚರ್ಮದ_ಡಾಕ್ಟ್ರು · 2:06

ಒತ್ತಿದ್ರೆ ದದ್ದಿನ ಕೆಂಪು ಹೋಗುತ್ತೆ, ಯಾಕಂದ್ರೆ ರಕ್ತ ನಾಳದೊಳಗೇ ಇರುತ್ತೆ. ಪ್ಲೇಟ್‌ಲೆಟ್ ಕಮ್ಮಿಯಾಗಿ ರಕ್ತ ನಾಳದಿಂದ ಆಚೆ ಸೋರಿದ್ರೆ ಒತ್ತಿದ್ರೂ ಹೋಗಲ್ಲ. ಲೋಟದಿಂದ ಒಳಗಡೆ ಕಾಣುತ್ತಲ್ಲ, ಅಷ್ಟೇ.

---

ಮಂಗ್ಳೂರು_ಬನ್ಸ್ · 2:09

ಹೌದಾ! ನಮ್ಮಲ್ಲಿ ಸ್ಟೀಲ್ ಲೋಟ ಮಾತ್ರ ಉಂಟು.

---

ಬಸವನಗುಡಿ_ಬಸ್ಸು · 2:30

ಸೊಳ್ಳೆ ವಿಷಯ ಬಂತಲ್ಲ, ನಮ್ಮ ರಸ್ತೇಲಿ ಫಾಗಿಂಗ್ ಗಾಡಿ ನೋಡಿ ಯಾವ ಕಾಲ ಆಯ್ತೋ. ರಾಜಕಾಲುವೆ ಪಕ್ಕ ಸಂಜೆ ಆರಕ್ಕೆ ಕಿಟಕಿ ತೆಗೆದ್ರೆ ಮನೆಯವ್ರನ್ನೇ ಎತ್ಕೊಂಡು ಹೋಗ್ತಾವೆ.

---

ಬೆಂಡೆಕಾಯಿ_ಗೊಜ್ಜು · 2:34

ಸೊಳ್ಳೆ ಬ್ಯಾಟ್ ತಗೊಳ್ಳಿ. ಸಂಜೆ ಟೆನಿಸ್ ಆಡಿದ ಹಾಗೂ ಆಗುತ್ತೆ.

---

ಗಾಂಧಿಬಜಾರ್_ಗೌಡ · 2:40

ಬೇವಿನ ಸೊಪ್ಪಿನ ಹೊಗೆ ಹಾಕಿ ರೀ. ಇದಕ್ಕಾದ್ರೂ ಬೈಯ್ಬೇಡಿ.

---

ಚರ್ಮದ_ಡಾಕ್ಟ್ರು · 2:52

ಬೈಯಲ್ಲ ಗೌಡ್ರೇ, ಸೊಳ್ಳೆ ಪರದೆ ಕಟ್ಟಿದ್ರೆ ಇನ್ನೂ ಒಳ್ಳೇದು. ನಿಜವಾಗ್ಲೂ ಒಂದು ಸೊಳ್ಳೆ ಕಚ್ಚಿದ್ರೂ ಇಂಥವರಿಗೆ ಅಂಗೈ ಅಗಲ ಊದ್ಬಹುದು, ಹಾಗಾಗಿ ಕಚ್ಚಿಸ್ಕೊಳ್ದೇ ಇರೋದೂ ಚಿಕಿತ್ಸೆನೇ.

---

ಮಂಗ್ಳೂರು_ಬನ್ಸ್ · 3:15

ಒಂದು ಪ್ರಶ್ನೆ. ಈ ಗುಳ್ಳೆ ಜಾಸ್ತಿ ಆಯ್ತು ಅಂದ್ರೆ ಒಳಗೆ ಲುಕೇಮಿಯಾನೂ ಜೋರಾಯ್ತು ಅಂತ ಲೆಕ್ಕವಾ?

---

ಚರ್ಮದ_ಡಾಕ್ಟ್ರು · 3:28

ಹಾಗೇನಿಲ್ಲ. ಕೌಂಟ್ ಸುಮ್ನೆ ಇದ್ರೂ ಗುಳ್ಳೆ ಏಳುತ್ತೆ, ಕೆಲವರಲ್ಲಿ ಲುಕೇಮಿಯಾ ಗೊತ್ತಾಗೋಕ್ಕಿಂತ ಮೊದ್ಲೇ ಬಂದಿರುತ್ತೆ. ನಮ್ಮ ದೇಶದಲ್ಲಿ ಸಿಎಲ್‌ಎಲ್ಲೇ ಕಮ್ಮಿ, ಅದಕ್ಕೇ ಬೀದಿ ಕೊನೆ ಡಾಕ್ಟ್ರಿಗೆ ಇದು ಹೊಳೀಲಿಲ್ಲ ಅಂತ ಅವ್ರನ್ನ ಬೈಯೋಕಾಗಲ್ಲ. ತುರಿಕೆ ಅಂದ್ರೆ ಕಜ್ಜಿ ಅಂತ ಯೋಚಿಸೋದು ಈ ಊರಲ್ಲಿ ಸರಿಯಾದ ಮೊದಲ್ನೇ ಹೆಜ್ಜೆನೇ. ಎರಡನೇ ಸಲ ಲೋಷನ್ ಕೆಲಸ ಮಾಡ್ಲಿಲ್ಲ ಅಂದಾಗ ಬೇರೆ ಕಡೆ ಕಳಿಸ್ಬೇಕಿತ್ತು, ಅಷ್ಟು ಹೇಳ್ಬಹುದು.

---

ವಾಚ್‌ಫ್ಯಾಕ್ಟರಿ_ಮಗಳು · ಹನ್ನೆರಡು ದಿನದ ಮೇಲೆ, ರಾತ್ರಿ 8:50

ರಿಪೋರ್ಟ್ ಬಂತು!! ತಡವಾಗಿದ್ದಕ್ಕೆ ಕ್ಷಮೆ ಇರ್ಲಿ, ಮನೇಲಿ ಒಂದೇ ಓಡಾಟ.

ಎರಡು ತುಂಡು ತೆಗೆದ್ರು, ಪೆನ್ಸಿಲ್ ಹಿಂಬದಿಗಿಂತ ಚಿಕ್ಕದು, ಮರಗಟ್ಟೋ ಇಂಜೆಕ್ಷನ್ ಕೊಟ್ಟು. ಒಂದು ಫಾರ್ಮಲಿನ್ ಡಬ್ಬಿಗೆ, ಇನ್ನೊಂದು ಬೇರೆ ದ್ರವಕ್ಕೆ, ಇಮ್ಯುನೋಫ್ಲೋರೆಸೆನ್ಸ್ ಅನ್ನೋ ಪರೀಕ್ಷೆಗೆ ಅಂತೆ, ವಯಸ್ಸಾದೋರಿಗೆ ನೀರುಗುಳ್ಳೆ ಬರೋ ಪೆಂಫಿಗಾಯ್ಡ್ ಅಂತ ಇನ್ನೊಂದಿದೆ, ಅದಲ್ಲ ಅಂತ ಖಾತ್ರಿ ಮಾಡ್ಕೊಳ್ಳೋಕೆ. ಅದು ನೆಗೆಟಿವ್. ಮೊದಲ್ನೇದ್ರಲ್ಲಿ ಇಯೊಸಿನೊಫಿಲ್ ತುಂಬ್ಕೊಂಡಿವೆ ಅಂತ ಬರ್ದಿದೆ, ಲುಕೇಮಿಯಾ ಕಣ ಚರ್ಮಕ್ಕೆ ಬಂದಿಲ್ಲ ಅಂದ್ರು. ಚರ್ಮದ_ಡಾಕ್ಟ್ರು ಇಲ್ಲಿ ಹೇಳಿದ್ದೇ ಆ ಡಾಕ್ಟ್ರೂ ಹೇಳಿದ್ರು, ನಾಯಿ ಹಾಲಿನವನ ಕಥೆ ಒಂದು ಬಿಟ್ಟು.

ಜೋರು ಸ್ಟೀರಾಯ್ಡ್ ಮುಲಾಮು, ಡಾಕ್ಸಿಸೈಕ್ಲಿನ್ ಮಾತ್ರೆ, ರಾತ್ರಿ ತುರಿಕೆಗೊಂದು. ಹತ್ತು ದಿನ ಮಾತ್ರ ಪ್ರೆಡ್ನಿಸೋಲೋನ್, ಇಳಿಸ್ಕೊಂಡು ಹೋಗೋದು. ಶುಗರ್ 280ಕ್ಕೆ ಹೋಯ್ತು, ಅದಕ್ಕೊಂದು ಗಲಾಟೆ, ಈಗ ಇಳೀತಿದೆ. ಬ್ಲಡ್ ಡಾಕ್ಟ್ರು ಐಜಿಜಿ ಅನ್ನೋ ರೋಗ ತಡೆಯೋ ಪ್ರೋಟೀನ್ ಚೆಕ್ ಮಾಡ್ಸಿದ್ರು, ಕಮ್ಮಿ ಇದೆಯಂತೆ, ಪದೇ ಪದೇ ಇನ್ಫೆಕ್ಷನ್ ಆದ್ರೆ ಅದನ್ನೇ ಡ್ರಿಪ್ಪಲ್ಲಿ ಕೊಡೋ ಐವಿಐಜಿ ಯೋಚಿಸೋಣ ಅಂದಿದಾರೆ. ಲುಕೇಮಿಯಾಗೆ ಈಗ್ಲೂ ವಾಚ್ ಅಂಡ್ ವೇಟ್ ಅಂತೆ.

ಹೊಸ ಗುಳ್ಳೆ ಈ ವಾರ ಬರೀ ಎರಡು. ಮತ್ತೆ ಬರ್ಬಹುದು, ಹೋಗಿ ಬಂದು ಮಾಡುತ್ತೆ ಅಂತ ಮೊದ್ಲೇ ಹೇಳಿದಾರೆ. ಡಾಕ್ಟ್ರು ಅಪ್ಪನ ಎದುರಿಗೇ "ಅಂಟಲ್ಲ" ಅಂದ್ರು. ಅಪ್ಪ ಮೂರು ಸಲ ಕೇಳಿದ್ರು, ಬೇರೆ ಬೇರೆ ಥರ. ವಾಪಸ್ ಬರ್ತಾ ಆಟೋ ಅಣ್ಣನ ಮನೆ ಕಡೆ ತಿರುಗಿಸು ಅಂದ್ರು. ಮಗು ಮಲಗಿತ್ತು, ಎಬ್ಬಿಸಿ ಎತ್ಕೊಂಡ್ರು, ಅದು ಕಿರುಚಿ ರಂಪ ಮಾಡ್ತು, ಅತ್ತಿಗೆಗೆ ಸಿಟ್ಟು.

---

ಅಕ್ಕನ_ಮಜ್ಜೆ · 8:58

❤️ ಮಗೂನ ಎಬ್ಬಿಸಿದ್ದಕ್ಕೆ ನಾನಾಗಿದ್ರೂ ಬೈತಿದ್ದೆ.

---

ಹುಬ್ಬಳ್ಳಿ_ಮಿರ್ಚಿ · 9:03

ಭಾಳ ಚಲೋ ಸುದ್ದಿ ಅಕ್ಕಾರ. ಪೇಡೆ ಕಳಸ್ತೀನಿ, ಶುಗರ್ ಇಳೀಲಿ ತಡೀರಿ.

---

ಚರ್ಮದ_ಡಾಕ್ಟ್ರು · 9:20

ಒಳ್ಳೇದಾಯ್ತು. ಮುಲಾಮನ್ನ ಮುಖಕ್ಕೆ, ತೊಡೆಸಂದಿಗೆ ಹಚ್ಬೇಡಿ, ಎಷ್ಟು ದಿನ ಅಂತ ಬರ್ಕೊಟ್ಟಿರ್ತಾರಲ್ಲ ಅಷ್ಟೇ ದಿನ. ಇದಕ್ಕೂ ಬಗ್ದಿದ್ರೆ ಡ್ಯಾಪ್ಸೋನ್ ಇದೆ, ಅದಕ್ಕೆ ಮೊದ್ಲು ಜಿ6ಪಿಡಿ ಅನ್ನೋ ರಕ್ತದ ಟೆಸ್ಟು ಬೇಕು, ಬೆಳಕಿನ ಚಿಕಿತ್ಸೆ ಫೋಟೋಥೆರಪಿ ಇದೆ, ಡುಪಿಲುಮ್ಯಾಬ್ ಇಂಜೆಕ್ಷನ್ನಿಂದ ಗುಣ ಕಂಡೋರೂ ಇದಾರೆ. ದಾರಿ ಇದೆ ಅಂತ ಹೇಳಿದೆ ಅಷ್ಟೇ, ಈಗ್ಲೇ ಅದೆಲ್ಲ ಕೇಳೋಕೆ ಹೋಗ್ಬೇಡಿ.

---

ಗಾಂಧಿಬಜಾರ್_ಗೌಡ · 9:31

ನಾನು ಕಂಬಳಿ ಮಾತು ವಾಪಸ್ ತಗೊಂಡಿದೀನಿ. ದೊಡ್ಡಪತ್ರೆ ತಂಬುಳಿನಾದ್ರೂ ಮಾಡಿ ಹಾಕಿ ಅವ್ರಿಗೆ, ಊಟಕ್ಕೆ.

---

ವಾಚ್‌ಫ್ಯಾಕ್ಟರಿ_ಮಗಳು · 9:45

ಗೌಡ್ರೇ ಖಂಡಿತ 😄

ಈಗ ಮನೇಲಿ ಹೊಸ ಜಗಳ. ಅಪ್ಪ ದಿವಾನದಿಂದ ಒಳಗೆ ಬಂದಾಯ್ತು, ಆದ್ರೆ ಫೋಮ್ ಹಾಸಿಗೆ ಮೇಲೆ ಇಬ್ರಿಗೂ ನಿದ್ದೆ ಬರ್ತಿಲ್ಲ. "ಇಲ್ದೇ ಇರೋ ತಿಗಣೆಗೆ ನನ್ನ ತವರಿನ ಹಾಸಿಗೆ ಬಲಿ ಕೊಟ್ರಲ್ಲ" ಅಂತ ಅಮ್ಮ ದಿನಕ್ಕೆ ನಾಲ್ಕು ಸಲ. ಬೆಂಗಳೂರಲ್ಲಿ ಈಗ ಬೂರುಗದ ಹತ್ತಿ ಹಾಸಿಗೆ ಹೊಲಿಯೋರು ಯಾರಾದ್ರೂ ಇದಾರಾ?

---

ಬಸವನಗುಡಿ_ಬಸ್ಸು · 9:52

ಕಾಟನ್‌ಪೇಟೆ ಕಡೆ ಒಂದು ಸುತ್ತು ಹಾಕಿ. ಹತ್ತಿ ಕಣ್ಣೆದುರಿಗೇ ತುಂಬಿಸ್ಕೊಳ್ಳಿ, ಇಲ್ಲಾಂದ್ರೆ ಒಳಗೆ ಹಳೇ ಚಿಂದಿ ಸೇರಿಸ್ತಾರೆ.

---

ಬೆಂಡೆಕಾಯಿ_ಗೊಜ್ಜು · 9:55

ಹಳೇ ಹತ್ತಿ ಮಾತ್ರ ಬೇಡ ಮಾರಾಯ್ತಿ, ಈ ಸಲ ನಿಜವಾದ ತಿಗಣೆನೇ ಬಂದ್ಬಿಟ್ಟಾವು.